ಯಾರ ದುಡ್ಡು?

ರೂಪಾಯಿ ನೋಟಿನ ಮೇಲೆ ಒಡೆಯನ ಹೆಸರು ಬರೆದಿರುವುದಿಲ್ಲ. ಆದರೆ ಮನೆಯೊಳಗೆ ಬರುವ ದುಡ್ಡಿಗೆಲ್ಲ ನಾವು ಒಂದೊಂದು ಹೆಸರು ಇಟ್ಟುಬಿಟ್ಟಿರುತ್ತೇವೆ. ಅಡಿಕೆ ಮಾರಿದ್ದು ಯಜಮಾನರದು, ಹಾಲು ಮಾರಿದ ಪುಡಿಗಾಸು ಅತ್ತೆಯದು, ತವರಿನವರು ಕೈಯಲ್ಲಿಟ್ಟದ್ದು ಸೊಸೆಯದು. ಈ ಲೆಕ್ಕದಲ್ಲಿ ಎಲ್ಲಿಯೂ ಸರಿಯಾಗಿ ಕೂರದ ಹಣವೊಂದಿದೆ. ಸರ್ಕಾರಿ ನೌಕರಿಯಲ್ಲಿದ್ದ ಗಂಡ ತೀರಿಕೊಂಡ ಮೇಲೆ ಹೆಂಡತಿಯ ಹೆಸರಿಗೆ ತಿಂಗಳು ತಿಂಗಳು ಬರುವ ಕುಟುಂಬ ಪಿಂಚಣಿ ಅದು. ಅದನ್ನು ದುಡಿದವರು ಈಗಿಲ್ಲ, ಪಡೆಯುವವರು ನೌಕರಿ ಮಾಡಿದವರಲ್ಲ. ಹಾಗಾದರೆ ಅದು ಯಾರ ದುಡ್ಡು?

ಈ ಪ್ರಶ್ನೆಯನ್ನು ನನಗೆ ಕೇಳಿದವರು ನಮ್ಮ ಚಂದಗುಳಿ ಸುತ್ತಿನ ಒಬ್ಬ ಹಿರಿಯರು. ಅವರ ಯಜಮಾನರು ಮೂವತ್ತಕ್ಕೂ ಹೆಚ್ಚು ವರ್ಷ ಪ್ರಾಥಮಿಕ ಶಾಲೆಯ ಮಾಸ್ತರಾಗಿದ್ದು, ನಿವೃತ್ತರಾದ ಕೆಲವೇ ವರ್ಷಕ್ಕೆ ಹೋದರು. ನಾನು ಶಾಲೆಯ ಅಕ್ಕೋರು, ಕಾಗದಪತ್ರ ತಿಳಿದವಳು ಎಂದು ಹದಿನಾಲ್ಕನೆಯ ದಿನ ಕಳೆದ ಮೇಲೆ ಹೇಳಿಕಳಿಸಿದರು. ಮಾಸ್ತರು ಎಲ್ಲವನ್ನೂ ಅಚ್ಚುಕಟ್ಟಾಗಿ ಇಟ್ಟಿದ್ದರು. ಬೆಂಗಳೂರಿನ ಮಹಾಲೇಖಪಾಲರ ಕಚೇರಿಯಿಂದ ಬಂದಿದ್ದ ಪಿಂಚಣಿ ಆದೇಶವಿತ್ತು, ಅದರಲ್ಲಿ ಹೆಂಡತಿಯ ಹೆಸರೂ ಇತ್ತು, ಇಬ್ಬರೂ ಕೂಡಿ ತೆಗೆಸಿಕೊಂಡ ಪೋಟೋ ಇತ್ತು. ಮರಣ ಪ್ರಮಾಣಪತ್ರ ಸೇರಿಸಿ ಬ್ಯಾಂಕಿಗೆ ಅರ್ಜಿ ಕೊಡುವುದಷ್ಟೇ ಬಾಕಿ. ಸಹಿ ಮಾಡುವಾಗ ಅವರು ಪೆನ್ನು ಹಿಡಿದುಕೊಂಡೇ ಕೇಳಿದರು: "ತಂಗೀ, ಇದು ಯನ್ನ ದುಡ್ಡು ಹೌದನೇ? ಆನು ಒಂದು ದಿನಾನೂ ಶಾಲೆ ಮೆಟ್ಲು ಹತ್ತಿದ್ನಿಲ್ಲೆ."

ಅವರ ಮಗ ಕೆಟ್ಟವನಲ್ಲ. ಅಪ್ಪನ ದುಡ್ಡು ಮನೆಯ ದುಡ್ಡು, ಪಾಸ್‌ಬುಕ್ಕು ತನ್ನ ಹತ್ತಿರ ಇದ್ದರೆ ಅಮ್ಮನಿಗೆ ಪೇಟೆಗೆ ಓಡಾಡುವ ತ್ರಾಸು ತಪ್ಪುತ್ತದೆ ಎಂದು ಅವನ ವಾದ. ಅಮ್ಮನಿಗೂ ಅದು ಸರಿಯೆಂದೇ ತೋರಿತ್ತು. ಮುಪ್ಪಿನಲ್ಲಿ ಮಗನ ಆಸರೆ ಎಂಬ ಮಾತನ್ನು ಕೇಳುತ್ತ ಬೆಳೆದವರು ನಾವೆಲ್ಲ. ಆದರೂ ಅವರ ಪ್ರಶ್ನೆಯಲ್ಲಿ ಏನೋ ಒಂದು ಆಸೆ ಇಣುಕುತ್ತಿತ್ತು. ಹೌದು ಎಂದು ಯಾರಾದರೂ ಹೇಳಲಿ ಎಂಬ ಆಸೆ.

ಕಾನೂನು ಇದಕ್ಕೆ ಸ್ಪಷ್ಟವಾಗಿಯೇ ಉತ್ತರ ಕೊಟ್ಟಿದೆ. 1982ರ ಡಿಸೆಂಬರ್ 17ರಂದು ನಕಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಪಿಂಚಣಿಯೆಂದರೆ ದೊರೆ ಮನಸ್ಸು ಬಂದಾಗ ಕೊಡುವ ಬಕ್ಷೀಸಲ್ಲ, ಹಕ್ಕು ಎಂದು ಹೇಳಿತು. ಇಂದಿಗೂ ಆ ದಿನವನ್ನು ಪಿಂಚಣಿದಾರರ ದಿನವೆಂದು ಆಚರಿಸುತ್ತಾರೆ. ಹೆಂಡತಿಯರ ಪಾಲಿಗೆ ಈ ಹಕ್ಕು ಒಮ್ಮೆಲೇ ಬಂದದ್ದಲ್ಲ. ಕೇಂದ್ರದ ಕುಟುಂಬ ಪಿಂಚಣಿ ಯೋಜನೆ ಜಾರಿಗೆ ಬಂದದ್ದು 1964ರಲ್ಲಿ. 1977ರ ತನಕ ಅದಕ್ಕಾಗಿ ನೌಕರ ಎರಡು ತಿಂಗಳ ಸಂಬಳದಷ್ಟನ್ನು ಬಿಟ್ಟುಕೊಡಬೇಕಿತ್ತು. 1964ಕ್ಕಿಂತ ಮೊದಲೇ ಗಂಡನನ್ನು ಕಳೆದುಕೊಂಡವರಿಗೆ ಈ ಯೋಜನೆ ಅನ್ವಯಿಸುತ್ತಿರಲಿಲ್ಲ. ಪೂನಮಾಳ್ ಎಂಬವರೂ ಇತರರೂ ಕೋರ್ಟಿಗೆ ಹೋದ ಮೇಲೆ, 1985ರಲ್ಲಿ ಅವರಿಗೂ ಸಿಗುವಂತಾಯಿತು.

1991ರ ಇನ್ನೊಂದು ತೀರ್ಪು ನಮ್ಮ ಪ್ರಶ್ನೆಗೆ ಇನ್ನೂ ಹತ್ತಿರದ್ದು. ವೈಲೆಟ್ ಐಸಾಕ್ ಎಂಬವರ ಗಂಡ ರೈಲ್ವೆ ನೌಕರರು. ತಮ್ಮ ನಂತರದ ಹಣವೆಲ್ಲ ತಮ್ಮನಿಗೆ ಸೇರಲಿ ಎಂದು ಅವರು ಉಯಿಲು ಬರೆದಿದ್ದರು. ಕುಟುಂಬ ಪಿಂಚಣಿ ಸತ್ತವನ ಆಸ್ತಿಯೇ ಅಲ್ಲ, ಅದನ್ನು ಉಯಿಲು ಬರೆದು ಬೇರೆಯವರಿಗೆ ಕೊಡಲು ಬರುವುದಿಲ್ಲ ಎಂದಿತು ಸುಪ್ರೀಂ ಕೋರ್ಟು. ಗಮನಿಸಿ, ಗಂಡನೇ ಕೊಡಲಾರದ ಹಣ ಅದು! ಅವನದಾಗಿದ್ದು ಆಮೇಲೆ ಇವಳದಾದದ್ದಲ್ಲ, ಮೊದಲಿನಿಂದಲೂ ಇವಳಿಗೆಂದೇ ಇಟ್ಟದ್ದು. ಹಾಗಿರುವಾಗ 'ಅಪ್ಪನ ದುಡ್ಡು' ಎಂಬ ಮಗನ ಮಾತಿಗೆ ನೆಲೆಯಿಲ್ಲ.

ಕಾನೂನು ಹೇಳಿದ್ದನ್ನು ಮನಸ್ಸು ಒಪ್ಪಬೇಕಲ್ಲ? 'ನಾನು ದುಡಿದಿಲ್ಲ' ಎಂಬ ಅಳುಕಿಗೆ ಸಾಮಾನ್ಯವಾಗಿ ನಾವು ಕೊಡುವ ಸಮಾಧಾನ ಒಂದಿದೆ. ಮಾಸ್ತರು ಕಾಡಿನ ನಡುವಿನ ಶಾಲೆಗಳಿಗೆ ಹೋಗಿ ಪಾಠ ಮಾಡಿದ್ದು ನೀವು ಮನೆ ಹಿಡಿದು ನಿಂತದ್ದರಿಂದ. ಮಳೆಗಾಲದಲ್ಲಿ ಹಳ್ಳ ಉಕ್ಕಿ ಅವರು ವಾರಗಟ್ಟಲೆ ಬಾರದಿದ್ದಾಗ ಮಕ್ಕಳನ್ನೂ ದನಕರುಗಳನ್ನೂ ಅತ್ತೆಯ ಕಾಯಿಲೆಯನ್ನೂ ನೋಡಿಕೊಂಡವರು ನೀವು. ಆ ಸಂಬಳದ ಅರ್ಧ ನಿಮ್ಮದೇ. ನಾನೂ ಹೀಗೆಯೇ ಹೇಳಿದೆ. ಈ ಮಾತು ನಿಜ.

ನಿಜವಾದರೂ ಇಷ್ಟೇ ಸಾಲದು. ಏಕೆಂದರೆ ಅವರ ಮನೆಯ ಕೆಳಗಿನ ತೋಟದಲ್ಲಿ ಅಡಿಕೆ ಹೆಕ್ಕಿ, ಸೊಪ್ಪು ಹೊತ್ತು, ಸಂಜೆಗೆ ತನ್ನ ಮನೆಯ ಒಲೆ ಹೊತ್ತಿಸುವ ಹೆಂಗಸು ಕಡಿಮೆ ದುಡಿದವಳೇ? ಅವಳ ಗಂಡ ಕೂಲಿಯವನು. ಅವನು ತೀರಿಕೊಂಡರೆ ಅವಳಿಗೆ ಸಿಗುವುದು ವಿಧವಾ ವೇತನ. 2021ರಲ್ಲಿ ನಮ್ಮ ರಾಜ್ಯ ಅದನ್ನು ತಿಂಗಳಿಗೆ 600 ರೂಪಾಯಿಯಿಂದ 800ಕ್ಕೆ ಏರಿಸಿತು. ಮಾಸ್ತರ ಹೆಂಡತಿಗೆ ಬರುವುದು ಕೊನೆಯ ಮೂಲವೇತನದ ಶೇಕಡಾ 30ರಷ್ಟು, ಅದರ ಮೇಲೆ ತುಟ್ಟಿಭತ್ಯೆ. ಮನೆಗೆಲಸದ ಕೂಲಿಯೆಂದೇ ಸರ್ಕಾರ ಈ ಹಣ ಕೊಡುವುದಾದರೆ ಇಬ್ಬರಿಗೂ ಸಮನಾಗಿ ಕೊಡಬೇಕಿತ್ತು. ಆದ್ದರಿಂದ ಇದನ್ನು ಕೂಲಿಯೆನ್ನುವುದಕ್ಕಿಂತ ಕೊಟ್ಟ ಮಾತು ಎನ್ನುವುದು ಸರಿ. 'ನೀನು ಇಷ್ಟು ವರ್ಷ ನನ್ನ ಕೆಲಸ ಮಾಡು, ನೀನಿಲ್ಲದಾಗ ನಿನ್ನವರನ್ನು ಬೀದಿಗೆ ಬಿಡುವುದಿಲ್ಲ' ಎಂದು ಸರ್ಕಾರ ನೌಕರನಿಗೆ ಕೊಟ್ಟ ಮಾತು. ಮಾತು ನಡೆಸಿಕೊಳ್ಳುವುದು ಕೃಪೆಯಲ್ಲ, ಋಣ. ಆ ಮಾತು ಕೆಲವರಿಗೆ ಮಾತ್ರ ಸಿಕ್ಕಿದೆ ಎನ್ನುವುದು, ಸಿಕ್ಕವರು ನಾಚಬೇಕಾದ ಸಂಗತಿಯಲ್ಲ. ಸಿಗದವರ ಪರವಾಗಿ ನಾವೆಲ್ಲ ಕೇಳಬೇಕಾದ ಸಂಗತಿ.

ನಮ್ಮೂರಿನ ಗಣಪತಿಗೆ ಹರಕೆ ತೀರಿದವರು ಗಂಟೆ ಒಪ್ಪಿಸುವುದು ನಿಮಗೆಲ್ಲ ಗೊತ್ತು. ಪಿಂಚಣಿ ಬಂದರೆ ಗಂಟೆ ಕೊಡುತ್ತೇನೆ ಎಂದು ಅವರು ಹೇಳಿಕೊಂಡಿದ್ದರಂತೆ. ಕೊಡಲಿ, ಒಳ್ಳೆಯದೇ. ಆದರೆ ದೇವರ ಮುಂದೆ ಬಗ್ಗುವ ತಲೆ ಬ್ಯಾಂಕಿನ ಕಿಟಕಿಯ ಮುಂದೂ ಹಾಗೆಯೇ ಬಗ್ಗಬೇಕಾಗಿಲ್ಲ.

ಇದನ್ನೇ ತಿರುಗಿಸಿ ನೋಡಿ. ನನ್ನ ಸೇವಾ ಪುಸ್ತಕದಲ್ಲಿ ನನ್ನ ಯಜಮಾನರ ಹೆಸರಿದೆ. ನಾನು 2006ರ ಏಪ್ರಿಲ್‌ಗಿಂತ ಬಹಳ ಮೊದಲೇ ಕೆಲಸಕ್ಕೆ ಸೇರಿದವಳಾದ್ದರಿಂದ ಹಳೆಯ ಪಿಂಚಣಿ ನನಗುಂಟು. ನಾನು ಮೊದಲು ಹೋದರೆ ಕುಟುಂಬ ಪಿಂಚಣಿ ಅವರಿಗೆ. ತೋಟ ನೋಡಿಕೊಂಡಿರುವ ಅವರು 'ಇದು ನನ್ನ ದುಡ್ಡು ಹೌದೇ' ಎಂದು ಯಾರನ್ನಾದರೂ ಕೇಳಿಯಾರೇ? ಅವರ ಪಾಸ್‌ಬುಕ್ಕನ್ನು ಮಗ ಇಟ್ಟುಕೊಂಡಾನೇ? ಪಡೆಯುವಾಗ ಗಂಡಸಿಗಿಲ್ಲದ ಸಂಕೋಚ ಹೆಂಗಸಿಗೆ ಮಾತ್ರ ಏಕೆ?

ದೂರದ ಅಮೆರಿಕದಲ್ಲಿ ಇದರದೇ ಇನ್ನೊಂದು ಮುಖ ಕಾಣಿಸಿತ್ತು. ಪೌಲಾ ವೀಸೆನ್‌ಫೆಲ್ಡ್ ಎಂಬ ಶಾಲಾ ಶಿಕ್ಷಕಿ 1972ರಲ್ಲಿ ಹೆರಿಗೆಯಲ್ಲಿ ತೀರಿಕೊಂಡಳು. ಅವಳೂ ಎಲ್ಲರಂತೆ ಸಂಬಳದಿಂದ ಸಾಮಾಜಿಕ ಭದ್ರತೆಯ ವಂತಿಗೆ ಕಟ್ಟಿದ್ದಳು. ಆದರೆ ಎಳೆಗೂಸನ್ನು ಸಾಕುವ ವಿಧವೆಗೆ ಸಿಗುತ್ತಿದ್ದ ನೆರವು ವಿಧುರನಾದ ಅವಳ ಗಂಡನಿಗೆ ಸಿಗಲಿಲ್ಲ. ರುತ್ ಬೇಡರ್ ಗಿನ್ಸ್‌ಬರ್ಗ್ ಅವನ ಪರ ವಾದಿಸಿದರು, 1975ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಅವನಿಗೆ ನ್ಯಾಯ ಕೊಟ್ಟಿತು. ಮೇಲುನೋಟಕ್ಕೆ ಗೆದ್ದವನು ಗಂಡಸು. ನಿಜವಾಗಿ ಗೆದ್ದದ್ದು ಆ ಶಿಕ್ಷಕಿಯ ದುಡಿಮೆ. ಅವಳು ಕಟ್ಟಿದ ಹಣಕ್ಕೆ ಗಂಡಸು ಕಟ್ಟಿದ ಹಣದಷ್ಟೇ ಬೆಲೆಯಿದೆ ಎಂದಾಯಿತು.

ಇಷ್ಟೆಲ್ಲ ಹೇಳಿದ ಮೇಲೆ ಓದುಗ ಸೋದರಿಯರು ಕೇಳಬಹುದು: ಹಾಗಾದರೆ ತಾಯಿ ಮಗನ ಜೊತೆ ಲೆಕ್ಕ ಹಿಡಿದು ಬದುಕಬೇಕೇ? ಬೇಡ. ಮೊಮ್ಮಗನ ಫೀಸಿಗೆ, ಸೊಸೆಯ ಔಷಧಕ್ಕೆ ಕೊಡುವುದರಲ್ಲಿ ಇರುವ ಸುಖ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುವುದರಲ್ಲಿ ಇಲ್ಲ. ಆದರೆ ತನ್ನದಾದದ್ದನ್ನು ಮಾತ್ರ ಕೊಡಲು ಬರುತ್ತದೆ. ಮಗನ ಕೈಗೆ ತಾನಾಗಿಯೇ ಹೋಗಿಬಿಡುವ ಹಣವನ್ನು ಅವಳು ಕೊಟ್ಟಳು ಎನ್ನಲಾಗದು, ಹೋಯಿತು ಎನ್ನಬಹುದು ಅಷ್ಟೇ. ನೂರು ರೂಪಾಯಿಯನ್ನು ತನ್ನ ಕೈಯಾರೆ ಎಣಿಸಿ ಕೊಡುವ ಅಜ್ಜಿಗೂ, ದೇವಸ್ಥಾನದ ಕಾಣಿಕೆಗೆ ಹತ್ತು ರೂಪಾಯಿ ಬೇಕೆಂದು ಮಗನ ಮುಖ ನೋಡುವ ಅಜ್ಜಿಗೂ ವ್ಯತ್ಯಾಸವಿದೆ. ಇಬ್ಬರ ಪಿಂಚಣಿಯೂ ಒಂದೇ ಇರಬಹುದು.

ಪಾಸ್‌ಬುಕ್ಕು ಈಗ ಆ ಹಿರಿಯರ ಕಪಾಟಿನಲ್ಲಿಯೇ ಇದೆ. ಮಗ ಮೊದಲು ಸ್ವಲ್ಪ ಮುಖ ಗಂಟಿಕ್ಕಿದ, ಆಮೇಲೆ ಸರಿಹೋದ. ವರ್ಷಕ್ಕೊಮ್ಮೆ ಜೀವಂತ ಪ್ರಮಾಣಪತ್ರ ಕೊಡಲು ಅವರನ್ನು ಪೇಟೆಗೆ ಕರೆದೊಯ್ಯುವವನು ಅವನೇ. ತಾನು ಬದುಕಿದ್ದೇನೆ ಎಂದು ಸರ್ಕಾರಕ್ಕೆ ಕಾಗದ ಬರೆದುಕೊಡುವುದು ಅವರಿಗೆ ಮೊದಮೊದಲು ನಗೆಯ ವಿಷಯವಾಗಿತ್ತು. ಈಗ ಅದಕ್ಕೆ ಅವರು ಒಳ್ಳೆಯ ಸೀರೆ ಉಟ್ಟು ಹೊರಡುತ್ತಾರೆ.