ಗೀರು

ಭಾನುವಾರ ಬೆಳಗ್ಗೆ ಆರೂವರೆಗೆ ನೀವೇನಾದರೂ ಪುಣೆಯ ಕೋಥರೂಡಿನ ನಮ್ಮ ಸೊಸೈಟಿಗೆ ಬಂದರೆ, ಪಾಯಿಜಾಮಾ ಮೊಣಕಾಲಿನ ತನಕ ಮಡಚಿಕೊಂಡು, ಎರಡು ಬಕೆಟ್ ಮುಂದಿಟ್ಟುಕೊಂಡು ಕಾರು ತೊಳೆಯುವ ಒಬ್ಬ ಧಾರವಾಡದ ಮನುಷ್ಯ ಕಾಣಿಸುತ್ತಾನೆ. ಅವನೇ ನಾನು. ನೆರೆಯವರು ಲಿಫ್ಟಿನಿಂದ ಇಳಿದವರೇ "ಕಾಯ್ ಸಾಹೇಬ್, ಸ್ವತಃ?" ಎಂದು ನಗುತ್ತಾರೆ. ಹೌದು, ಸ್ವತಃ. ಅದಕ್ಕೊಂದು ಕಾರಣವಿದೆ. ಹೇಳಿಕೊಂಡು ಮೆರೆಯುವಂಥದ್ದೇನಲ್ಲ.

ಮೊದಲು ನಮ್ಮ ಕಾರು ತೊಳೆಯಲು ಒಬ್ಬನಿದ್ದ. ನಸುಕಿನ ಐದಕ್ಕೆ ಬಂದು ಹತ್ತು ಹನ್ನೆರಡು ಕಾರು ತೊಳೆದು, ಆಮೇಲೆ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದ. ನಾನು ಅವನೊಡನೆ ಮರಾಠಿಯಲ್ಲಿ ಮಾತಾಡುತ್ತಿದ್ದೆ. ಒಂದು ದಿನ ಅವನು ಬಕೆಟ್ ಪಕ್ಕ ಕುಕ್ಕರಗಾಲಲ್ಲಿ ಕೂತು ಫೋನಿನಲ್ಲಿ, "ಹೂಂ ಯವ್ವಾ, ಜ್ವಾಳದ ರಾಶಿಗೆ ಬರ್ತೀನಿ, ನೀ ಕಾಳಜಿ ಮಾಡಬ್ಯಾಡ" ಅಂದದ್ದು ಕಿವಿಗೆ ಬಿತ್ತು. ವಿಜಾಪುರದ ಇಂಡಿ ಕಡೆಯ ಮಾತು. ಎದೆ ಒಮ್ಮೆ ಹಿಗ್ಗಿತು. "ಯಾವೂರೋ ತಮ್ಮಾ?" ಎಂಬ ಮಾತು ತುದಿನಾಲಿಗೆಗೆ ಬಂತು. ನುಂಗಿಕೊಂಡೆ. ಇವತ್ತು ಕನ್ನಡ ಆಡಿದರೆ ನಾಳೆ ಮುಂಗಡ ಕೇಳುತ್ತಾನೆ ಎಂದು ನನಗೆ ನಾನೇ ಹೇಳಿಕೊಂಡೆ. ನಿಜವಾದ ಕಾರಣ ಬೇರೆ: ನಾವಿಬ್ಬರೂ ಒಂದೇ ಕಡೆಯವರು ಎಂದು ನೆರೆಯವರಿಗೆ ಗೊತ್ತಾಗುವುದು ನನಗೆ ಬೇಡವಾಗಿತ್ತು.

ಹಾಗಂತ ಕನ್ನಡದ ಅಭಿಮಾನ ನನಗೆ ಕಡಿಮೆಯೇನೂ ಇರಲಿಲ್ಲ. ಪುಣೆಗೆ ನೀರು ಕೊಡುವ ಖಡಕ್‌ವಾಸ್ಲಾ ಜಲಾಶಯಕ್ಕೆ 1903ರಲ್ಲಿ ಸ್ವಯಂಚಾಲಿತ ಬಾಗಿಲು ಅಳವಡಿಸಿದವರು ನಮ್ಮ ವಿಶ್ವೇಶ್ವರಯ್ಯನವರು ಎಂದು ಆಫೀಸಿನಲ್ಲಿ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಪುಣೆಯಲ್ಲೇ ನೆಲೆಸಿ, 2011ರಲ್ಲಿ ಪುಣೆಯಲ್ಲೇ ತೀರಿಕೊಂಡ ಭೀಮಸೇನ ಜೋಶಿಯವರು ನಮ್ಮ ಗದಗಿನವರು. ಅವರಿಗೆ ಸಂಗೀತದಂತೆ ಕಾರಿನ ಹುಚ್ಚೂ ಇತ್ತು, ದೂರದ ಊರಿನ ಕಛೇರಿಗಳಿಗೆ ತಾವೇ ಓಡಿಸಿಕೊಂಡು ಹೋಗುತ್ತಿದ್ದರು ಎಂದೂ ಹೇಳುತ್ತಿದ್ದೆ. ಹೊಳೆಯುವ ಕನ್ನಡಿಗರೆಲ್ಲ ನಮ್ಮವರು. ಕಾರನ್ನು ಹೊಳೆಯಿಸುವ ಕನ್ನಡಿಗ ಮಾತ್ರ ಯಾರೋ ಪರದೇಶಿ.

ಒಂದು ಮಧ್ಯಾಹ್ನ ಬಿಸಿಲಲ್ಲಿ ಕಾರು ನಿಲ್ಲಿಸಿದಾಗ ಬಾನೆಟ್ಟಿನ ಮೇಲೆ ಜೇಡರ ಬಲೆಯಂತೆ ಸಣ್ಣ ಸಣ್ಣ ಗೀರುಗಳು ಕಂಡವು. ಮಾರನೆಯ ದಿನ ಅವನನ್ನು ನಿಲ್ಲಿಸಿಕೊಂಡು, ಶುದ್ಧ ಪುಣೇರಿ ಮರಾಠಿಯಲ್ಲಿ, ನಾಲ್ಕು ಜನರ ಎದುರು ಬೈದೆ. ನೀರು ಹಾಕದೆ ತಾನೆಂದೂ ಒರೆಸುವುದಿಲ್ಲ ಎಂದು ಅವನು ಹರಕು ಮರಾಠಿಯಲ್ಲಿ ಹೇಳಿದ. ನಾನು ಲೆಕ್ಕ ಚುಕ್ತಾ ಮಾಡಿ ಕಳಿಸಿಬಿಟ್ಟೆ.

ಆಮೇಲೆ ನಾನೇ ಕಲಿತೆ. ಕಾರಿನ ಬಣ್ಣ ಎಂದರೆ ಒಂದೇ ಪದರವಲ್ಲ. ಕೆಳಗೆ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ಬಣ್ಣವಿಲ್ಲದ ಪಾರದರ್ಶಕ ವಾರ್ನಿಷ್. ಹೊಳೆಯುವುದು ಆ ವಾರ್ನಿಷ್. ಸಾಮಾನ್ಯವಾಗಿ ಅದರ ದಪ್ಪ 40-50 ಮೈಕ್ರಾನ್, ಅಂದರೆ ನಮ್ಮ ತಲೆಗೂದಲಿಗಿಂತ ತೆಳು. ಆದ್ದರಿಂದ ಮೊದಲು ಬರೇ ನೀರು ಸುರಿದು ಧೂಳು ಇಳಿಸಬೇಕು. ಒಂದು ಬಕೆಟ್ಟಿನಲ್ಲಿ ಕಾರಿನ ಶಾಂಪೂ ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಿಸಲು ಸಾದಾ ನೀರು. ನೆರಳಿನಲ್ಲಿ, ಮೇಲಿನಿಂದ ಕೆಳಕ್ಕೆ, ಮೆತ್ತಗೆ. ಪಾತ್ರೆ ತೊಳೆಯುವ ಸೋಪು ಬೇಡ, ಬಳಿದ ವ್ಯಾಕ್ಸನ್ನು ಅದು ತೊಳೆದು ತೆಗೆಯುತ್ತದೆ. ಹಕ್ಕಿಯ ಹಿಕ್ಕೆ ಬಿದ್ದರೆ ಅಂದೇ ನೆನೆಸಿ ತೆಗೆಯಬೇಕು, ಇಲ್ಲವಾದರೆ ಬಿಸಿಲಿಗೆ ಅದು ವಾರ್ನಿಷನ್ನು ತಿನ್ನುತ್ತದೆ. ಎಲ್ಲಕ್ಕಿಂತ ಮುಖ್ಯ, ಧೂಳು ಕೂತ ಮೈಯನ್ನು ಒಣಬಟ್ಟೆಯಿಂದ ಎಂದೂ ಒರೆಸಬಾರದು. ಧೂಳಿನ ಕಣವೇ ಉಗುರಾಗಿ ಗೀರುತ್ತದೆ.

ಇದನ್ನು ತಿಳಿದ ದಿನ ನನ್ನ ಕೈ ತಣ್ಣಗಾಯಿತು. ಡ್ಯಾಶ್‌ಬೋರ್ಡಿನಲ್ಲಿ ಒಂದು ಹಳದಿ ಒಣಬಟ್ಟೆ ಇಟ್ಟುಕೊಂಡು, ದಿನಾ ಸಂಜೆ ಆಫೀಸಿನ ಎದುರು ಬಾನೆಟ್ ಒರೆಸುತ್ತಿದ್ದವನು ನಾನೇ. ಪ್ರೀತಿಯಿಂದ ಒರೆಸುತ್ತಿದ್ದೆ. ಗೀರು ನನ್ನವು.

ಪಾಲಿಷ್ ಮಾಡಿದರೆ ಹೋದಾವು ಅಂದುಕೊಂಡೆ. ಆದರೆ ಪಾಲಿಷ್ ಎಂದರೇನು ಗೊತ್ತೇ? ಅದು ಗೀರನ್ನು ತುಂಬುವುದಿಲ್ಲ. ಅದರಲ್ಲಿರುವ ನುಣ್ಣನೆಯ ಪುಡಿ ಗೀರಿನ ಸುತ್ತಲಿನ ಒಳ್ಳೆಯ ಮೈಯನ್ನು ಸವೆಸಿ, ಗೀರಿನ ತಳದ ಮಟ್ಟಕ್ಕೆ ತರುತ್ತದೆ. ಹೀಗೆ ಪ್ರತಿ ಹೊಳಪಿಗೂ ಅಷ್ಟಿಷ್ಟು ಮೈ ಹೋಗುತ್ತದೆ, ಮತ್ತೆ ಬೆಳೆಯುವುದಿಲ್ಲ. ಮೇಲೆ ಬಳಿಯುವ ವ್ಯಾಕ್ಸ್ ಇನ್ನು ಮುಂದಿನದನ್ನು ಒಂದಿಷ್ಟು ಕಾಯುತ್ತದೆ, ಆದದ್ದನ್ನು ಅಳಿಸುವುದಿಲ್ಲ.

ಪರವೂರಿಗೆ ಬಂದವರೆಲ್ಲ ಒಂದಿಷ್ಟು ಪಾಲಿಷ್ ಮಾಡಿಕೊಳ್ಳುತ್ತೇವೆ. ನೆಲದ ಭಾಷೆ ಕಲಿಯುವುದು ತಪ್ಪಲ್ಲ, ಕಲಿಯಲೇಬೇಕು. ಆದರೆ ಮೇಲೊಂದು ಪದರ ಬಳಿದುಕೊಳ್ಳುವುದು ಬೇರೆ, ಇದ್ದದ್ದನ್ನು ಸವೆಸಿ ಹೊಳೆಯುವುದು ಬೇರೆ. ನನ್ನ ಮರಾಠಿಯ ಹೊಳಪು ಯಾವುದನ್ನು ಸವೆಸಿ ಬಂದದ್ದು ಎಂದು ಅಂದು ತಿಳಿಯಿತು.

ಅವನು ಪಕ್ಕದ ಓಣಿಯ ಕಟ್ಟಡದಲ್ಲಿ ಕಾರು ತೊಳೆಯುತ್ತಿದ್ದ. ಹೋಗಿ, ಕನ್ನಡದಲ್ಲೇ ಹೇಳಿದೆ, "ತಮ್ಮಾ, ತಪ್ಪು ನಂದs ಇತ್ತು. ಆ ಗೀರು ನಾನs ಮಾಡಿದ್ದು."

ಅವನು ಗೀರಿನ ಮಾತೇ ಎತ್ತಲಿಲ್ಲ. ಒದ್ದೆ ಬಟ್ಟೆ ಹಿಂಡುತ್ತ ನನ್ನ ಮುಖ ನೋಡಿ, "ನಿಮಗ ಕನ್ನಡ ಬರತಿತ್ತೇನ್ರೀ ಸಾಹೇಬ್ರ?" ಅಂದ.

ನಾನು ಯಾವ ತಪ್ಪಿಗೆ ಕ್ಷಮೆ ಕೇಳಲು ಹೋಗಿದ್ದೆನೋ ಅದು ಸಣ್ಣದು, ಯಾವುದನ್ನು ಹೇಳಿರಲಿಲ್ಲವೋ ಅದು ದೊಡ್ಡದು. ಮರಳಿ ಕೆಲಸಕ್ಕೆ ಕರೆದೆ. "ಇಲ್ಲೇ ಚಲೋ ಅದರಿ" ಅಂದ. ಸಿಟ್ಟಿನಿಂದಲ್ಲ, ಸಹಜವಾಗಿ. ಒತ್ತಾಯ ಮಾಡಲಿಲ್ಲ. ನನ್ನ ಮನಸ್ಸು ಹಗುರಾಗಲಿ ಎಂದು ಅವನನ್ನು ಮತ್ತೆ ಮತ್ತೆ ತಿಕ್ಕುವುದೂ ಒಂದು ಪಾಲಿಷೇ, ಅದರಲ್ಲಿ ಸವೆಯುವವನು ಅವನು.

ಅಂದಿನಿಂದ ಕಾರು ನಾನೇ ತೊಳೆಯುತ್ತೇನೆ. ಬಾನೆಟ್ಟಿಗೆ ವ್ಯಾಕ್ಸ್ ಬಳಿಯುತ್ತೇನೆ, ಗೀರು ತೆಗೆಸಿಲ್ಲ. ಕಳೆದ ದಸರೆಗೆ ಇಲ್ಲಿಯವರು ಆಪಟೆಯ ಎಲೆಯನ್ನು ಬಂಗಾರವೆಂದು ಹಂಚುವಾಗ ನಾಲ್ಕೆಲೆ ಹಿಡಿದುಕೊಂಡು ಪಕ್ಕದ ಓಣಿಗೆ ಹೋದೆ. ಕೈ ಒದ್ದೆಯಾಗಿತ್ತು, ಅಂಗಿಗೆ ಒರೆಸಿಕೊಂಡು ಎಲೆ ತಗೊಂಡ. "ನಮ್ಮ ಕಡೆ ಬನ್ನಿ ಕೊಡ್ತಾರಲ್ರೀ" ಅಂದ.

"ಹೂಂ, ನಮ್ಮ ಕಡೆ" ಅಂದೆ.