ಬಲವಾದ ನೆರೆಯವನೂ ಗಡಿಯ ಹೊಲವೂ

ಬದು ಒತ್ತುವ ನೆರೆಯವನ ಸಂಗತಿಯನ್ನು ಹಳ್ಳಿಯವರಿಗೆ ವಿವರಿಸಿ ಹೇಳಬೇಕಾದದ್ದಿಲ್ಲ. ಅವನ ಮನೆಯಲ್ಲಿ ಗಂಡಾಳುಗಳು ಹತ್ತು ಮಂದಿ, ನಮ್ಮ ಮನೆಯಲ್ಲಿ ಇಬ್ಬರು. ಒಂದು ದಿನ ಅವನು ಬಂದು ಜಗಲಿಯ ಮೇಲೆ ಕೂತು, ನಿಮ್ಮ ಹೊಲದ ಈ ಅಂಚನ್ನು ನನಗೆ ಬಿಟ್ಟುಕೊಡಿರಿ, ಅದಕ್ಕೆ ಬದಲಾಗಿ ಗುಡ್ಡದ ಆಚೆ ಎರಡರಷ್ಟು ಭೂಮಿಯನ್ನು ಕೊಡುತ್ತೇನೆ ಎಂದು ನಯವಾಗಿಯೇ ಕೇಳುತ್ತಾನೆ. ಕೊಟ್ಟರೆ ಬರುವ ವರುಷ ಬಾವಿಯನ್ನು ಕೇಳಿಯಾನು. ಕೊಡದಿದ್ದರೆ ಇಬ್ಬರು ಮಕ್ಕಳಲ್ಲಿ ಒಬ್ಬನ ತಲೆ ಒಡೆದೀತು. ಏನು ಮಾಡತಕ್ಕದ್ದು?

ಮನೆಯ ಮಟ್ಟಿಗೆ ಈ ಪ್ರಶ್ನೆ ಕಷ್ಟವಾದರೂ ಸರಳವಾದದ್ದು. ಯಾಕಂದರೆ ತೀರ್ಮಾನಿಸುವ ಯಜಮಾನನೂ ಪೆಟ್ಟು ತಿನ್ನುವವನೂ ಒಂದೇ ಸೂರಿನ ಕೆಳಗೆ ಇರುತ್ತಾರೆ. ಒಂದು ದೇಶಕ್ಕೆ ಇದೇ ಪ್ರಶ್ನೆ ಬಂದಾಗ ಹಾಗಲ್ಲ. ರಾಜಧಾನಿಯಲ್ಲಿ ಕೂತ ಮಂತ್ರಿಗಳು ಕೊಡೆವೆಂದು ಹೇಳುತ್ತಾರೆ. ಗಡಿಯಲ್ಲಿರುವ ಬಡ ಒಕ್ಕಲು ತನ್ನ ಮನೆ, ದನ, ಮಗ ಇವೆಲ್ಲವನ್ನು ಕಳಕೊಳ್ಳುತ್ತಾನೆ. ಇಂಥ ತೀರ್ಮಾನವು ನ್ಯಾಯವೋ ಅನ್ಯಾಯವೋ ಎಂಬುದನ್ನು ಯಾವ ತಕ್ಕಡಿಯಿಂದ ತೂಗಬೇಕು? ಇದನ್ನು ಬರಿಯ ಮಾತಿನಿಂದ ವಿಚಾರಿಸದೆ, ನಡೆದ ಒಂದು ಸಂಗತಿಯ ಮೂಲಕ ವಿಚಾರಿಸೋಣ.

ಯುರೋಪ ಖಂಡದ ಉತ್ತರ ತುದಿಯಲ್ಲಿ ಫಿನ್ಲೆಂಡ್ ಎಂಬ ದೇಶವಿದೆ. ಕಾಡು, ಕೆರೆ, ಹಿಮ ಇವುಗಳ ನಾಡು. ನೂರು ವರುಷಕ್ಕೂ ಮಿಕ್ಕಿ ರಷ್ಯದ ಚಕ್ರವರ್ತಿಯ ಕೈಕೆಳಗಿದ್ದು, 1917ನೆಯ ಇಸವಿ ದಶಂಬರ 6ರಂದು ಅದು ಸ್ವತಂತ್ರವಾಯಿತು. 1939ರಲ್ಲಿ ಅದರ ಜನಸಂಖ್ಯೆ ಸುಮಾರು 37 ಲಕ್ಷ. ನೆರೆಯ ಸೋವಿಯೆಟ್ ರಾಜ್ಯದ ಜನಸಂಖ್ಯೆ ಸುಮಾರು 17 ಕೋಟಿ. ಆ ವರುಷದ ಆಗಸ್ಟ್ 23ರಂದು ಜರ್ಮನಿಯೂ ಸೋವಿಯೆಟ್ ರಾಜ್ಯವೂ ಮಾಡಿಕೊಂಡ ಒಡಂಬಡಿಕೆಯ ಗುಪ್ತ ಭಾಗದಲ್ಲಿ ಫಿನ್ಲೆಂಡನ್ನು ಸೋವಿಯೆಟ್ ರಾಜ್ಯದ ಪಾಲಿಗೆ ಬಿಟ್ಟಿದ್ದರು. ಮಾರುವವರೂ ಕೊಳ್ಳುವವರೂ ಕೂಡಿ ಮೂರನೆಯವನ ಹೊಲಕ್ಕೆ ಕ್ರಯಪತ್ರ ಬರೆದ ಹಾಗಾಯಿತು.

ಒಕ್ಟೋಬರ ತಿಂಗಳಲ್ಲಿ ಮಾಸ್ಕೋವಿನಿಂದ ಕರೆ ಬಂತು. ಲೆನಿನ್‌ಗ್ರಾಡ್ ಪಟ್ಟಣವು ಫಿನ್ಲೆಂಡಿನ ಗಡಿಗೆ ಕೇವಲ 32 ಕಿಲೋಮೀಟರ್ ದೂರದಲ್ಲಿತ್ತು. ಆದಕಾರಣ ಕರೇಲಿಯದ ಭೂಕಂಠದಲ್ಲಿ ಗಡಿಯನ್ನು ಹಿಂದಕ್ಕೆ ಸರಿಸಬೇಕು, ಕೆಲವು ದ್ವೀಪಗಳನ್ನು ಬಿಡಬೇಕು, ಹಾಂಕೊ ಎಂಬ ರೇವನ್ನು 30 ವರುಷದ ಗುತ್ತಿಗೆಗೆ ಕೊಡಬೇಕು. ಇದಕ್ಕೆ ಬದಲಾಗಿ ಉತ್ತರದ ಕಡೆ ಎರಡರಷ್ಟು ಕಾಡುಭೂಮಿ ಸಿಕ್ಕುವದು ಎಂದು ಅವರು ಕೇಳಿದರು. ಗುಡ್ಡದ ಆಚೆಯ ಎರಡರಷ್ಟು ಭೂಮಿ! ಫಿನ್ಲೆಂಡಿನ ಸರಕಾರವು ಅಲ್ಪಸ್ವಲ್ಪ ಬಿಟ್ಟುಕೊಡಲು ಒಪ್ಪಿತಾದರೂ, ಮುಖ್ಯವಾದದ್ದನ್ನು ಒಪ್ಪಲಿಲ್ಲ.

ಒಪ್ಪದವರ ಕೈಯಲ್ಲಿ ಏನಿತ್ತು ಎಂದು ಕೇಳಿದರೆ ನಾಚಿಕೆಯಾಗುವ ಉತ್ತರವೇ ಬರುತ್ತದೆ. ದಂಡಾಳುಗಳು ಇದ್ದರು, ಆದರೆ ಎಲ್ಲರಿಗೂ ಉಡುಪು ಇರಲಿಲ್ಲ. ಅನೇಕರಿಗೆ ಒಂದು ಸೊಂಟಪಟ್ಟಿ, ಟೊಪ್ಪಿಗೆಯ ಮೇಲೆ ಸಿಕ್ಕಿಸುವ ಒಂದು ಬಿಲ್ಲೆ, ಒಂದು ಬಂದೂಕು, ಇಷ್ಟನ್ನೇ ಕೊಟ್ಟರು; ಮಿಕ್ಕದ್ದೆಲ್ಲಾ ಮನೆಯಿಂದ ತಂದ ಬಟ್ಟೆ. ಪ್ರಧಾನಮಂತ್ರಿಯ ಹೆಸರು ಕಾಯಾಂದರ್ ಎಂದಾದ್ದರಿಂದ ಜನರು ಈ ವೇಷಕ್ಕೆ ಕಾಯಾಂದರ್ ಮಾದರಿ ಎಂದು ಹಾಸ್ಯವಾಗಿ ಹೆಸರಿಟ್ಟರು. ಟ್ಯಾಂಕುಗಳು ಬೆರಳೆಣಿಕೆಯಷ್ಟು, ಅವುಗಳಲ್ಲಿಯೂ ಹಳೆಯವೇ ಬಹಳ. ಫಿರಂಗಿಯ ಗುಂಡುಗಳು ಸುಮಾರು ಮೂರು ವಾರಗಳಿಗೆ ಸಾಕಾಗುವಷ್ಟು ಮಾತ್ರ. ಆಯುಧಗಳನ್ನು ಕೊಂಡು ಉಗ್ರಾಣದಲ್ಲಿ ತುಕ್ಕು ಹಿಡಿಸದೆ ಆ ಹಣವನ್ನು ಜನರ ಸುಖಕ್ಕೆ ಬಳಸಿದ್ದೇವೆಂದು ಅದೇ ಪ್ರಧಾನಮಂತ್ರಿಯು ಆ ಆಗಸ್ಟ್ ತಿಂಗಳಲ್ಲಿಯೇ ಸಂತೋಷದಿಂದ ಹೇಳಿಕೊಂಡಿದ್ದನು.

ಆ ದೇಶದ ರಕ್ಷಣಾ ಸಮಿತಿಗೆ ಅಧ್ಯಕ್ಷನಾಗಿ ಮನ್ನರ್‌ಹೈಮ್ ಎಂಬ 72 ವರುಷದ ಮುದುಕನಿದ್ದನು. ಯೌವನದಲ್ಲಿ ರಷ್ಯದ ಚಕ್ರವರ್ತಿಯ ದಂಡಿನಲ್ಲಿ ಸುಮಾರು 30 ವರುಷ ದುಡಿದವನಾದ್ದರಿಂದ ನೆರೆಯವನ ಬಲವನ್ನು ಬಲ್ಲವನು. ಆಯುಧಗಳಿಗೆ ಹಣ ಕೊಡಿರೆಂದು ವರುಷ ವರುಷವೂ ಕೇಳಿ ಸೋತಿದ್ದನು. ಈಗ ಅವನು ಹೇಳಿದ್ದೇನಂದರೆ, ನಮ್ಮ ದಂಡು ಯುದ್ಧಕ್ಕೆ ಸಿದ್ಧವಾಗಿಲ್ಲ, ಆದದರಿಂದ ಕೊಡಬಹುದಾದದ್ದನ್ನು ಕೊಟ್ಟು ಸಮಾಧಾನ ಮಾಡಿಕೊಳ್ಳಿರಿ ಎಂಬುದೇ. ಮಾಸ್ಕೋವಿಗೆ ಸಂಧಾನಕ್ಕೆ ಹೋಗಿದ್ದ ಪಾಸಿಕಿವಿಯೂ ಹಾಗೆಯೇ ಎಣಿಸಿದನು. ಹತ್ತು ಸಾವಿರ ಮಂದಿಯುಳ್ಳ ಅರಸನು ಇಪ್ಪತ್ತು ಸಾವಿರ ಮಂದಿಯೊಡನೆ ಬರುವವನನ್ನು ಎದುರಿಸಲಾಪೆನೋ ಎಂದು ಮೊದಲು ಕೂತು ಲೆಕ್ಕ ಮಾಡುವ ಸಾಮ್ಯವನ್ನು ನಾವೆಲ್ಲರೂ ಬಲ್ಲೆವು. ಮುದುಕನು ಲೆಕ್ಕ ಮಾಡಿದ್ದನು. ಮಂತ್ರಿಗಳು ಆ ಲೆಕ್ಕವನ್ನು ಕೇಳಲಿಲ್ಲ. ಯುದ್ಧಕ್ಕೆ ಕೆಲವು ದಿನಗಳ ಮುಂಚೆ ಅವನು ರಾಜೀನಾಮೆಯನ್ನೂ ಬರೆದುಕೊಟ್ಟಿದ್ದನು. ಆದರೆ ನವಂಬರ 30ರಂದು ಹೆಲ್ಸಿಂಕಿ ಪಟ್ಟಣದ ಮೇಲೆ ಬಾಂಬುಗಳು ಬಿದ್ದಾಗ, ಆ ಕಾಗದವನ್ನು ಹಿಂದಕ್ಕೆ ತಕ್ಕೊಂಡು ದಂಡಿನ ನಾಯಕತ್ವವನ್ನು ವಹಿಸಿದನು.

ಇಲ್ಲಿ ನನ್ನ ಅಭಿಪ್ರಾಯವನ್ನು ಹೇಳಿಬಿಡುತ್ತೇನೆ. ಬಲಹೀನನು ಇಲ್ಲವೆನ್ನುವದು ತಪ್ಪಲ್ಲ. ಬಲವಿಲ್ಲದವನಿಗೆ ಇಲ್ಲವೆನ್ನುವ ಹಕ್ಕೇ ಇಲ್ಲವೆಂದರೆ, ಲೋಕದಲ್ಲಿ ಹೊಲವುಳ್ಳ ಬಡವನೊಬ್ಬನೂ ಉಳಿಯನು. ಆದರೆ ಕೈಯನ್ನು ಬರಿದಾಗಿಟ್ಟುಕೊಂಡು ನಾಲಿಗೆಯನ್ನು ಗಡುಸಾಗಿ ಆಡಿಸುವದು ಬೇರೆ. ಯಾಕಂದರೆ ಆ ಗಡುಸಿಗೆ ಬೆಲೆ ಕೊಡುವವನು ಮಾತಾಡಿದವನಲ್ಲ. 1940ರ ಜನವರಿಯಲ್ಲಿ ಶೀತವು ಸೊನ್ನೆಗಿಂತ 40 ಡಿಗ್ರಿ ಕೆಳಕ್ಕೆ ಇಳಿದಾಗ, ಮನೆಯ ಕೋಟು ತೊಟ್ಟು ಹಿಮದಲ್ಲಿ ಮಲಗಿದ ಹುಡುಗನು ಆ ಬೆಲೆಯನ್ನು ತೆತ್ತನು.

ಆದರೂ ಆ ಮಂತ್ರಿಗಳನ್ನು ಪೂರಾ ಖಂಡಿಸುವದು ನನ್ನಿಂದಾಗದು, ಅದಕ್ಕೆ ಕಾರಣವುಂಟು. 1918ರಲ್ಲಿ ಆ ದೇಶದವರು ಕೆಂಪು ಪಕ್ಷ, ಬಿಳಿ ಪಕ್ಷ ಎಂದು ಎರಡಾಗಿ ಒಬ್ಬರನ್ನೊಬ್ಬರು ಕೊಂದಿದ್ದರು. 35,000ಕ್ಕೂ ಮಿಕ್ಕಿ ಜನರು ಸತ್ತರು. ಅವರಲ್ಲಿ ಬಹಳ ಮಂದಿ ಸೆರೆಯ ಶಿಬಿರಗಳಲ್ಲಿ ಹಸಿವಿನಿಂದಲೂ ರೋಗದಿಂದಲೂ ಸತ್ತವರು. ಒಡೆಯನ ಹೊಲದಲ್ಲಿ ದುಡಿದು ಆ ದುಡಿತವನ್ನೇ ಗೇಣಿಯಾಗಿ ತೆರುತ್ತಿದ್ದ ಒಕ್ಕಲುಗಳ ಸಿಟ್ಟು ಆ ಜಗಳಕ್ಕೆ ಒಂದು ಕಾರಣ. ಗೆದ್ದ ಪಕ್ಷವು ಮಾಡಿದ ಒಳ್ಳೇ ಕೆಲಸವೇನಂದರೆ, ಆ ಒಕ್ಕಲುಗಳು ತಾವು ಉಳುವ ಭೂಮಿಯನ್ನು ಕೊಂಡುಕೊಳ್ಳುವಂತೆ ಅದೇ ವರುಷ ಕಾನೂನು ಮಾಡಿತು. 1922ರಲ್ಲಿ ಭೂಮಿಯೇ ಇಲ್ಲದವರಿಗೂ ದೊರಕುವಂತೆ ಮತ್ತೊಂದು ಕಾನೂನು ಬಂತು. ಈ ಎರಡನೆಯದನ್ನು ನಡಿಸಿದವನು ಕ್ಯೋಸ್ತಿ ಕಲ್ಲಿಯೊ ಎಂಬ ರೈತನು. 1939ರಲ್ಲಿ ಅವನೇ ದೇಶದ ಅಧ್ಯಕ್ಷನು. ಬಡವರು ತಮ್ಮನ್ನು ಬಿಡುಗಡೆಮಾಡುವವರೆಂದು ನಮ್ಮ ದಂಡನ್ನು ಎದುರುಗೊಳ್ಳುವರು ಎಂದು ಮಾಸ್ಕೋವಿನಲ್ಲಿ ಎಣಿಸಿ, ಗಡಿಯ ಒಂದು ಊರಲ್ಲಿ ಗೊಂಬೆ ಸರಕಾರವೊಂದನ್ನು ನಿಲ್ಲಿಸಿದರು. ಯಾರೂ ಎದುರುಗೊಳ್ಳಲಿಲ್ಲ. ಕೆಂಪು ಪಕ್ಷದವರ ಮಕ್ಕಳೂ ಬಿಳಿ ಪಕ್ಷದವರ ಮಕ್ಕಳೂ ಒಂದೇ ಕಂದಕದಲ್ಲಿ ನಿಂತರು. ಯಾಕಂದರೆ ಕಾಯುವದಕ್ಕೆ ಅವರಲ್ಲಿ ಬಹಳ ಮಂದಿಗೆ ಒಂದು ತುಂಡು ಭೂಮಿ ಇತ್ತು. ದಂಡಿಗೆ ಕೊಡದೆ ಉಳಿಸಿದ ಹಣದ ಒಂದಂಶವು ಹೀಗೆ ಮತ್ತೊಂದು ವಿಧದ ದಂಡಾಯಿತೆಂದು ಹೇಳಿದರೆ ತಪ್ಪಾಗದು.

ಯುದ್ಧದ ವಿವರವನ್ನು ಇಲ್ಲಿ ಬರೆಯುವದಿಲ್ಲ. ಅದು 105 ದಿನ ನಡೆಯಿತು. ಮಡಿದ ಮಗನನ್ನು ಸಾಧ್ಯವಾದಲ್ಲೆಲ್ಲಾ ಅವನ ಸ್ವಂತ ಊರಿಗೆ ತಂದು, ದೇವಾಲಯದ ಬಳಿಯ ಸಮಾಧಿಭೂಮಿಯಲ್ಲಿಯೇ ಹೂಣಿಟ್ಟರು. ಸ್ತ್ರೀಯರು ಮದುವೆಯ ಚಿನ್ನದ ಉಂಗುರವನ್ನು ವಿಮಾನಗಳಿಗೋಸ್ಕರ ಕೊಟ್ಟು ಕಬ್ಬಿಣದ ಉಂಗುರವನ್ನು ಬೆರಳಿಗೆ ಹಾಕಿಕೊಂಡರು. ಪರದೇಶಗಳಿಂದ ಹೊಗಳಿಕೆ ಬಹಳ ಬಂತು, ಸಹಾಯ ಸ್ವಲ್ಪ ಬಂತು. ಫಿನ್ಲೆಂಡಿನವರು ಸುಮಾರು 25,000 ಮಂದಿಯೂ ಸೋವಿಯೆಟ್ ದಂಡಿನವರು ಲಕ್ಷಕ್ಕೂ ಮಿಕ್ಕಿಯೂ ಸತ್ತರು. ಆ ಲಕ್ಷ ಮಂದಿಯ ತಾಯಂದಿರೂ ಅತ್ತರೆಂಬುದನ್ನು ನಾವು ಮರೆಯಬಾರದು.

1940ರ ಮಾರ್ಚ್ 12ರಂದು ಮಾಸ್ಕೋವಿನಲ್ಲಿ ಸಂಧಿಪತ್ರಕ್ಕೆ ರುಜುವಾಯಿತು. ಮೊದಲು ಕೇಳಿದ್ದಕ್ಕಿಂತ ಎಷ್ಟೋ ಹೆಚ್ಚಾಗಿ, ದೇಶದಲ್ಲಿ ಹತ್ತರಲ್ಲೊಂದು ಪಾಲಿನಷ್ಟು ಭೂಮಿಯು ವೀಪುರಿ ಪಟ್ಟಣದ ಸಮೇತ ಹೋಯಿತು. ಇಂಥ ಸಂಧಿಗೆ ಅಪ್ಪಣೆ ಬರೆಯುವ ಕೈ ಒಣಗಿಹೋಗಲಿ ಎಂಬ ಭಾವದ ಮಾತನ್ನು ನುಡಿದು ಕಲ್ಲಿಯೊ ರುಜು ಹಾಕಿದನು. ಅದೇ ವರುಷದ ಆಗಸ್ಟ್ ತಿಂಗಳಲ್ಲಿ ಅವನಿಗೆ ಪಾರ್ಶ್ವವಾಯು ಬಡಿದು ಬಲಗೈ ಸ್ವಾಧೀನವಿಲ್ಲದಂತಾಯಿತು. ದಶಂಬರ 19ರಂದು, ಅಧಿಕಾರ ಬಿಟ್ಟು ಊರಿಗೆ ಹೊರಟವನು ಹೆಲ್ಸಿಂಕಿಯ ರೈಲು ನಿಲ್ದಾಣದಲ್ಲಿಯೇ ಕುಸಿದು ಸತ್ತನು. ಇದನ್ನು ಶಾಪವೆಂದು ಹೇಳುವವರುಂಟು. ನಾನು ಹಾಗೆನ್ನುವದಿಲ್ಲ. ಆ ರುಜುವಿನಿಂದ ಉಳಿದ ಪ್ರಾಣಗಳು ಎಷ್ಟೋ! ಆದರೆ ಬೇರೆಯವರ ಹೊಲವನ್ನು ಬಿಟ್ಟುಕೊಡುವಾಗ ತನ್ನ ಕೈಯೇ ಹೋದಂತೆ ನೊಂದ ಅಧಿಕಾರಿಯು ಅಪರೂಪ.

ಮೊದಲೇ ಕೊಟ್ಟಿದ್ದರೆ ಇಷ್ಟು ನಷ್ಟವಾಗುತ್ತಿರಲಿಲ್ಲವಷ್ಟೆ ಎಂದು ಯಾರಾದರೂ ಕೇಳಬಹುದು. ಮುದುಕನಾದ ಸೇನಾಪತಿಯ ಲೆಕ್ಕ ಸರಿಯಾಗಿತ್ತೋ ಏನೋ. ಅದನ್ನು ಈಗ ಯಾರೂ ಸ್ಥಾಪಿಸಲಾರರು. ಆದರೆ ದಕ್ಷಿಣಕ್ಕೆ ಸಮುದ್ರದ ಆಚೆ ಎಸ್ತೋನಿಯದವರು ಕೇಳಿದ್ದಕ್ಕೆ ಒಪ್ಪಿ, 1939ರಲ್ಲಿ ಸೋವಿಯೆಟ್ ದಂಡಿಗೆ ತಮ್ಮ ನೆಲದಲ್ಲಿ ಠಾಣ್ಯಗಳನ್ನು ಕೊಟ್ಟರು. 1940ರ ಆಗಸ್ಟಿನಲ್ಲಿ ಅವರ ದೇಶವೇ ಸೋವಿಯೆಟ್ ರಾಜ್ಯದಲ್ಲಿ ಸೇರಿಹೋಯಿತು. 1941ರ ಜೂನ್ 14ರಂದು ಹೆಂಗಸರು ಮಕ್ಕಳೊಡನೆ ಸುಮಾರು 10,000 ಮಂದಿಯನ್ನು ರೈಲುಬಂಡಿಗಳಲ್ಲಿ ತುಂಬಿ ದೂರಕ್ಕೆ ಸಾಗಿಸಿದರು. ಕೊಟ್ಟವನು ಬದುಕುವನೆಂಬ ನಿಯಮವೂ ಇಲ್ಲ. 2022ರ ಫೆಬ್ರವರಿ 24ರಂದು ರಷ್ಯದ ದಂಡು ಯುಕ್ರೇನ್ ದೇಶವನ್ನು ಹೊಕ್ಕಾಗ ಫಿನ್ಲೆಂಡಿನ ಮುದುಕರು ಇದೆಲ್ಲವನ್ನು ನೆನಸಿಕೊಂಡರು. ಬಹುಕಾಲ ಯಾವ ಪಕ್ಷಕ್ಕೂ ಸೇರದೆ ನಿಂತಿದ್ದ ಆ ದೇಶವು 2023ರ ಏಪ್ರಿಲ್ 4ರಂದು ನೇಟೋ ಒಕ್ಕೂಟವನ್ನು ಸೇರಿತು.

ಆದಕಾರಣ ಫಲದಿಂದ ತೀರ್ಮಾನವನ್ನು ತೂಗಲಾಗದು. ಮತ್ತೆ ಯಾವುದರಿಂದ? ಇದಕ್ಕೆ ಉತ್ತರವನ್ನು ನಾನು ಯುದ್ಧಭೂಮಿಯಲ್ಲಿ ಕಾಣದೆ, ಬಿಟ್ಟುಹೋದ ಊರುಗಳ ದಾರಿಯಲ್ಲಿ ಕಾಣುತ್ತೇನೆ. ಸಂಧಿಯಾದ ಕೂಡಲೇ 4 ಲಕ್ಷಕ್ಕೂ ಮಿಕ್ಕಿ ಜನರು ಕರೇಲಿಯ ಮೊದಲಾದ ಪ್ರದೇಶಗಳಿಂದ ಹೊರಟು, ಕೆಲವೇ ದಿನಗಳಲ್ಲಿ ದನಗಳನ್ನು ಹೊಡಕೊಂಡು ಹಿಮದ ದಾರಿಯಲ್ಲಿ ಪಶ್ಚಿಮಕ್ಕೆ ಬಂದರು. 1941ರಲ್ಲಿ ಅವರ ದೇಶವು ಜರ್ಮನಿಯ ಜೊತೆಗೂಡಿ ಮತ್ತೆ ಯುದ್ಧಕ್ಕಿಳಿಯಿತು. ಕಳಕೊಂಡದ್ದನ್ನು ಪಡೆಯುವ ಆಶೆಯು ಮನುಷ್ಯರನ್ನು ಎಂಥವರ ಜೊತೆಗೆ ಸೇರಿಸುತ್ತದೆಂಬುದಕ್ಕೆ ಇದೊಂದು ದುಃಖಕರವಾದ ದೃಷ್ಟಾಂತ. ಆಗ ಸುಮಾರು 2,80,000 ಮಂದಿ ಹಳೆಯ ಊರಿಗೆ ತಿರಿಗಿ ಹೋಗಿ ಸುಟ್ಟ ಮನೆಗಳನ್ನು ಕಟ್ಟಿ ಬಿತ್ತಿದರು. 1944ರಲ್ಲಿ ಎರಡನೆಯ ಸಾರಿ ಎಲ್ಲವನ್ನು ಬಿಟ್ಟು ಬಂದರು.

ಹೋರಾಡೋಣ ಎಂದು ದೇಶವೆಲ್ಲಾ ಹೇಳಿತ್ತು. ಮನೆ ಹೋದದ್ದು ಗಡಿಯವರದು. ಇದನ್ನು ದೇಶವು ಮರೆಯಲಿಲ್ಲ. 1940ರಲ್ಲಿಯೂ 1945ರಲ್ಲಿಯೂ ಉಳ್ಳವರ ಆಸ್ತಿಯ ಮೇಲೆಯೇ ತೆರಿಗೆ ಹಾಕಿ ಇವರಿಗೆ ನಷ್ಟ ಕಟ್ಟಿಕೊಟ್ಟರು. 1945ರ ಭೂಮಿಯ ಕಾನೂನಿನ ಪ್ರಕಾರ ಸರಕಾರದ, ಕಂಪೆನಿಗಳ, ಕ್ರೈಸ್ತ ಸಭೆಗಳ ಭೂಮಿಯಲ್ಲಿಯೂ, ಅದು ಸಾಲದೆ ಹೋದಾಗ ದೊಡ್ಡ ರೈತರ ಹೊಲದಲ್ಲಿಯೂ ಪಾಲು ತೆಗೆದು, ಬಂದವರಿಗೂ ಯುದ್ಧದಿಂದ ತಿರಿಗಿದ ದಂಡಾಳುಗಳಿಗೂ ಹಂಚಿದರು. ದೊಡ್ಡ ಹೊಲದವನು ಹೆಚ್ಚು ಪಾಲು ಕೊಡಬೇಕು, ಚಿಕ್ಕ ಹೊಲದವನನ್ನು ಮುಟ್ಟಬಾರದು. ಹೋರಾಡಿರಿ ಎಂದು ಹೇಳಿದವನ ಹೊಲವೂ ಚಿಕ್ಕದಾಯಿತು. ಬಲಹೀನ ದೇಶದ ಮಂತ್ರಿಯು ಇಲ್ಲವೆಂದು ಹೇಳುವಾಗ ಅವನ ಮನಸ್ಸಿನಲ್ಲಿ ಈ ಹಂಚಿಕೆಯೂ ಇದ್ದರೆ, ಆ ಮಾತನ್ನು ನಾನು ನ್ಯಾಯವೆನ್ನುವೆನು. ಇಲ್ಲದಿದ್ದರೆ ಅದು ಬೇರೊಬ್ಬನ ಗಂಟಿನಿಂದ ಕೊಟ್ಟ ದಾನ.

ಎಲ್ಲವೂ ಪ್ರೀತಿಯಿಂದಲೇ ನಡೆಯಿತೆಂದು ಎಣಿಸಬೇಡಿರಿ. ಬಂದವರಲ್ಲಿ ಹಲವು ಸಾವಿರ ಮಂದಿ ಪೂರ್ವದ ಆರ್ಥೊಡಾಕ್ಸ್ ಸಭೆಯವರು. ಶಿಲುಬೆಯ ಗುರುತು ಮಾಡಿಕೊಂಡು ಪಟಗಳ ಮುಂದೆ ನಿಲ್ಲುವ ಇವರನ್ನು ನೋಡಿ ಪಶ್ಚಿಮದ ಊರುಗಳ ಲೂಥರನ್ ಸಭೆಯವರಲ್ಲಿ ಕೆಲವರು ರಷ್ಯದವರೆಂದು ಹೀಯಾಳಿಸಿದರು. ಯಾರ ದಂಡಿನ ದೆಸೆಯಿಂದ ಇವರು ಮನೆ ಕಳಕೊಂಡಿದ್ದರೋ ಅವರ ಹೆಸರನ್ನೇ ಇವರಿಗೆ ಇಟ್ಟರು. ಶಾಲೆಯಲ್ಲಿ ಮಕ್ಕಳಿಗೂ ಅದನ್ನು ಕೇಳಬೇಕಾಯಿತು. ಹೊಸದಾಗಿ ಸಭೆಗೆ ಬಂದವನನ್ನು ಹಳಬರು ಹೇಗೆ ನೋಡುವರೆಂದು ಬಲ್ಲ ನಮಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಕೆಲವರಿಗೆ ಉತ್ತ ಹೊಲದ ಬದಲಾಗಿ ಕಲ್ಲುಕಾಡೇ ದೊರಕಿತು. ಅಂಥ ಭೂಮಿಗೆ ಅಲ್ಲಿಯವರು ತಣ್ಣಗಿನ ಹೊಲ ಎಂದು ಹೆಸರಿಟ್ಟಿದ್ದರು. ಅವರು ಮರ ಕಡಿದು, ಬೇರು ಕಿತ್ತು, ಮೊದಲು ಒಂದು ಚಿಕ್ಕ ಸ್ನಾನದ ಮನೆಯನ್ನು ಕಟ್ಟಿ, ಮನೆ ಎದ್ದು ನಿಲ್ಲುವ ತನಕ ಮಕ್ಕಳೊಡನೆ ಅದರಲ್ಲಿಯೇ ವಾಸಮಾಡಿದರು.