ಸರ್ವೆ ನಂಬರ್ ಯಾಕೆ ಹೇಳುವುದಿಲ್ಲ?

ದೇವನಹಳ್ಳಿ, ದೊಡ್ಡಬಳ್ಳಾಪುರದ ಕಡೆ ಮೊದಲ ಸಲ ಸೈಟಿಗೆ ದುಡ್ಡು ಹಾಕುವವರ ಕಾಗದಪತ್ರ ನೋಡಿಕೊಡುವುದು ನನ್ನ ವೃತ್ತಿ. ಅವರಲ್ಲಿ ಬಹಳಷ್ಟು ಮಂದಿ ಹೇಳುವ ದೂರು ಒಂದೇ: "ಬ್ರೋಕರ್ ಸರ್ವೆ ನಂಬರ್ ಹೇಳ್ತಾ ಇಲ್ಲ ಸಾರ್. ಮೊದಲು ಟೋಕನ್ ಕೊಡಿ, ಆಮೇಲೆ ಪೇಪರ್ಸ್ ಕೊಡ್ತೀನಿ ಅಂತಾರೆ." ನಂಬರ್ ಇಲ್ಲದೆ ಪಹಣಿ ಇಲ್ಲ, ಇಸಿ (ಋಣಭಾರ ಪ್ರಮಾಣಪತ್ರ) ಇಲ್ಲ, ಗ್ರಾಮನಕ್ಷೆಯಲ್ಲಿ ಜಾಗ ಗುರುತಿಸುವಂತಿಲ್ಲ. ಕಣ್ಣು ಮುಚ್ಚಿಕೊಂಡು ಲಕ್ಷ ರೂಪಾಯಿ ಕೊಡಬೇಕು.

ಇದರಲ್ಲಿ ಮೋಸವೇ ಇರಬೇಕೆಂದು ಕೊಳ್ಳುವವರು ತೀರ್ಮಾನಿಸುತ್ತಾರೆ. ಕೆಲವೆಡೆ ಇರುತ್ತದೆ ಕೂಡ. ಆದರೆ ನಾನು ಕಂಡ ದಲ್ಲಾಳಿಗಳಲ್ಲಿ ಹೆಚ್ಚಿನವರು ನಂಬರ್ ಬಚ್ಚಿಡುವುದು ಭಯದಿಂದ. ವಾರಗಟ್ಟಲೆ ಬೈಕಿನಲ್ಲಿ ಕೂರಿಸಿಕೊಂಡು ಸುತ್ತಾಡಿಸಿರುತ್ತಾರೆ. ನಂಬರ್ ಸಿಕ್ಕಿದ ರಾತ್ರಿಯೇ ಗಿರಾಕಿ ನೇರವಾಗಿ ಮಾಲೀಕರ ಮನೆಗೆ ಹೋಗಿ ಮಾತು ಮುಗಿಸಿರುತ್ತಾನೆ. ಶೇಕಡ ಒಂದೋ ಎರಡೋ ಕಮಿಷನ್, ಅದೂ ನೋಂದಣಿ ಆದರೆ ಮಾತ್ರ. ಅದನ್ನು ಉಳಿಸಿದೆವೆಂದು ನನ್ನೆದುರೇ ಹೆಮ್ಮೆಪಟ್ಟವರಿದ್ದಾರೆ. ದುಡಿದವರ ಕೂಲಿ ಅದು. ಆ ಪೆಟ್ಟು ತಿಂದ ದಲ್ಲಾಳಿ ಮುಂದಿನ ಗಿರಾಕಿಗೆ ಬಾಯಿ ಬಿಡುವುದಿಲ್ಲ; ಯಾರೋ ಮಾಡಿದ್ದಕ್ಕೆ ಇನ್ಯಾರೋ ಕತ್ತಲಲ್ಲಿ ಅಡ್ವಾನ್ಸ್ ಕೊಡುತ್ತಾರೆ.

ಹೀಗಾಗಿ ಈಗ ನಾನು ಮೊದಲೇ ಒಂದು ಪುಟದ ಒಪ್ಪಂದ ಬರೆಸುತ್ತೇನೆ. ಈ ಜಾಗ ತೋರಿಸಿದ್ದು ಇವರೇ, ಕೊಂಡರೆ ಕಮಿಷನ್ ಇಷ್ಟು, ನೋಂದಣಿಯ ದಿನವೇ ಸಂದಾಯ. ಕಾಗದದಲ್ಲಿ ದೋಷ ಕಂಡರೆ ಟೋಕನ್ ವಾಪಸ್. ಮಾರುವವರಿಂದಲೂ ಕಮಿಷನ್ ಬರುತ್ತದೆಯೇ ಎಂಬುದನ್ನೂ ಅಲ್ಲೇ ಕೇಳಿ ಬರೆಸುತ್ತೇನೆ. ಎರಡೂ ಕಡೆ ಪಡೆಯುವುದು ಗೊತ್ತಿದ್ದರೆ ಅವರ ಮಾತನ್ನು ಹೇಗೆ ತೂಗಬೇಕೆಂಬುದೂ ಗೊತ್ತಾಗುತ್ತದೆ. ಸಹಿ ಬಿದ್ದ ಮೇಲೆ ಸರ್ವೆ ನಂಬರ್ ತಾನಾಗಿ ಬರುತ್ತದೆ. ಅದರ ಜೊತೆಗೆ ಕಚೇರಿಯ ಕಡತದಲ್ಲಿ ಸುಲಭಕ್ಕೆ ಸಿಗದ ಸಂಗತಿಗಳೂ ಬರುತ್ತವೆ.

ಇಂಥ ಒಪ್ಪಂದವಾದ ಮೇಲೆ ಒಬ್ಬ ಹಿರಿಯ ದಲ್ಲಾಳಿ ಐಟಿ ಕೆಲಸದ ಹುಡುಗಿಯೊಬ್ಬಳನ್ನು ಬಡಾವಣೆಯ ಕೊನೆಯ ಸಾಲಿನ ಆಚೆಗೆ ನಡೆಸಿಕೊಂಡು ಹೋದರು. ಹುಲ್ಲು ಬೆಳೆದ ತಗ್ಗು. ಮಡಚಿದ ನಕ್ಷೆ ಬಿಡಿಸಿ ಗೆರೆಯ ಮೇಲೆ ಬೆರಳಿಟ್ಟರು. "ಇದು ಕಾಲುವೆ ಕಣಮ್ಮ. ಬೇಸಿಗೆಗೆ ಒಣಗಿದೆ ಅಷ್ಟೆ. ನಾಳೆ ಮನೆ ಕಟ್ಟೋಕೆ ಪ್ಲ್ಯಾನ್ ಕೊಡಲ್ಲ, ಕಾಲುವೆಯ ಬಫರ್ ಜಾಗ ಅಂತಾರೆ. ಬೇಡ ಬಿಡು." ಅವಳು ನೋಡಬೇಕೆಂದಿದ್ದ ಇನ್ನೊಂದು ಜಾಗವನ್ನೂ ಅವರೇ ತಡೆದರು: ಆ ಜಮೀನು ಯಾರ ತಾತನಿಗೆ ಸರ್ಕಾರದಿಂದ ಮಂಜೂರಾಗಿತ್ತೆಂದು ಅವರಿಗೆ ಗೊತ್ತಿತ್ತು. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಭೂಮಿಯನ್ನು ಸರ್ಕಾರದ ಅನುಮತಿ ಇಲ್ಲದೆ ಮಾರಿದರೆ, 1978ರ ಪಿಟಿಸಿಎಲ್ ಕಾಯ್ದೆಯ ಪ್ರಕಾರ ಆ ಕ್ರಯ ಅಸಿಂಧು. ವಾಪಸ್ ಕೇಳಲು ಕಾಲಮಿತಿ ಇಲ್ಲವೆಂದು 2023ರ ತಿದ್ದುಪಡಿ ಹೇಳುತ್ತದೆ. ಬಡವರ ಭೂಮಿ ಕಾಯುವ ಕಾನೂನು, ಇರಲೇಬೇಕಾದದ್ದು. ಇಸಿಯಲ್ಲಿ ಮಾತ್ರ ಇಂಥ ಮಂಜೂರಾತಿಯ ಸುಳಿವು ಸಾಮಾನ್ಯವಾಗಿ ಇರುವುದಿಲ್ಲ. ಮಂಜೂರಾತಿ ಕಡತ ಹುಡುಕಿಸಿದರಷ್ಟೇ ನನಗೆ ತಿಳಿಯುತ್ತಿತ್ತು. "ಬೇಡ" ಎಂದ ಎರಡು ಸಲವೂ ಅವರು ಕಳೆದುಕೊಂಡದ್ದು ತಮ್ಮದೇ ಕಮಿಷನ್ನು. ಕೊನೆಗೆ ಕಮಿಷನ್ ಎಲ್ಲಿಗೂ ಹೋಗುವುದಿಲ್ಲ, ಮೂರನೆಯ ಜಾಗಕ್ಕೂ ಇವಳು ನನ್ನ ಹತ್ತಿರವೇ ಬರುತ್ತಾಳೆ ಎಂಬ ಧೈರ್ಯವಿದ್ದದ್ದರಿಂದ ಆ ಮಾತು ಬಂತು.

ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ಬಗ್ಗೆ ಒಂದು ಮಾತು. 2016ರ ರಿಯಲ್ ಎಸ್ಟೇಟ್ ಕಾಯ್ದೆಯ ಪ್ರಕಾರ, ನೋಂದಣಿ ಬೇಕಾದ ಯೋಜನೆಯ ಸೈಟು, ಫ್ಲ್ಯಾಟ್ ಮಾರಿಸುವ ಏಜೆಂಟ್ ತಾವೂ ರೇರಾದಲ್ಲಿ ನೋಂದಾಯಿಸಿರಬೇಕು. ನೋಂದಣಿಯಾಗದ ಯೋಜನೆಯನ್ನು ಮಾರಿಸುವಂತಿಲ್ಲ. ಮೊದಲ ಭೇಟಿಯಲ್ಲೇ ರೇರಾ ನೋಂದಣಿ ನಂಬರ್ ಕೇಳಿ. ಸರಿಯಾಗಿ ಕೆಲಸ ಮಾಡುವವರು ಅದಕ್ಕೆ ಬೇಸರಪಡುವುದನ್ನು ನಾನು ಕಂಡಿಲ್ಲ.

ಕ್ರಯಪತ್ರ ನೋಂದಣಿಯಾದ ಮೇಲೂ ದಲ್ಲಾಳಿಯ ಜೊತೆಗಿನ ಸಂಬಂಧ ಮುಗಿಯುವುದಿಲ್ಲ. ಖಾತೆ ಬದಲಾವಣೆಗೆ ಓಡಾಡಬೇಕು. ಪಕ್ಕದವರು ಕಲ್ಲು ಸರಿಸಿದರೆ ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇರುವವರಿಗೆ ಮೊದಲು ಫೋನ್ ಮಾಡಬೇಕಾದವರು ಆ ದಲ್ಲಾಳಿಯೇ. ಕಮಿಷನ್ ಚೌಕಾಸಿ ಮಾಡಿ ಅರ್ಧ ಉಳಿಸಿಕೊಂಡವರಿಗೆ ಆ ಫೋನ್ ಬರುವುದಿಲ್ಲ.